ಚೇಗಿನ ಎಣ್ಣೆ: ದೇವದಾರು ಮರದ ಬಗ್ಗೆ ಒಂದು ಮಾತು

(ಮರಗಳ ಬಗ್ಗೆ ಆಸಕ್ತಿ ಇರುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಪೆಟ್ಟಿಗೆಯನ್ನು ಒಂದು ಸುತ್ತು ಕಳಿಸುತ್ತೇನೆ. ಮುಚ್ಚಳ ತೆಗೆದು ಮೂಸಿ ನೋಡಿ. ಆಮೇಲೆ ಅದರ ಬಲಗಡೆ ಅಂಚನ್ನು ಸ್ವಲ್ಪ ಗಮನಿಸಿ. ಅಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅವು ನನಗೆ ಕಲಿಸಿದಷ್ಟು ಪಾಠವನ್ನು ಪುಸ್ತಕಗಳೂ ಕಲಿಸಿಲ್ಲ.

ಇದನ್ನು ಏಳು ವರ್ಷದ ಹಿಂದೆ ಕುಲು ಕಣಿವೆಯ ಅಂಗಡಿಯೊಂದರಲ್ಲಿ ಕೊಂಡೆ. "ಅಸಲಿ ದೇವದಾರು, ನೂರು ವರ್ಷ ಆದರೂ ಹುಳ ಬೀಳಲ್ಲ" ಎಂದರು ಅಂಗಡಿಯವರು. ನಾಲ್ಕನೇ ವರ್ಷಕ್ಕೇ ಕುಟ್ಟೆ ಹಿಡಿಯಿತು. ಪೆಟ್ಟಿಗೆ ಎತ್ತಿದರೆ ಅಡಿಯಲ್ಲಿ ನುಣ್ಣನೆ ಹುಡಿ. ಮೋಸ ಹೋದೆ ಅಂದುಕೊಂಡು ಎರಡು ದಿನ ಬೈದುಕೊಂಡಿದ್ದೂ ಆಯಿತು. ಆಮೇಲೆ ಕನ್ನಡಕ ಹಾಕಿಕೊಂಡು ಸರಿಯಾಗಿ ನೋಡಿದೆ. ತೂತುಗಳೆಲ್ಲ ಒಂದೇ ಕಡೆ, ಬೆರಳಗಲದ ಒಂದು ಬಿಳಿ ಪಟ್ಟಿಯಲ್ಲಿ. ಅದಕ್ಕೆ ಅಂಟಿಕೊಂಡ ಕಂದು ಭಾಗದಲ್ಲಿ ಒಂದೇ ಒಂದು ತೂತಿಲ್ಲ. ಬಣ್ಣ ಬದಲಾಗುವ ಗೆರೆಯವರೆಗೆ ಕೊರೆದುಕೊಂಡು ಬಂದ ಹುಳ ಅಲ್ಲಿಂದ ವಾಪಸ್ಸು ಹೋಗಿದೆ!

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಕಂದು ಭಾಗ ಅಂದರೆ ಚೇಗು. ಬಿಳಿ ಭಾಗ ಅಂದರೆ ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸುತ್ತಿದ್ದ ಹೊರ ಪದರ. ಮರ ದಪ್ಪವಾಗುತ್ತಾ ಹೋದಂತೆ ಒಳಗಿನ ಹಳೇ ಪದರಗಳು ನೀರು ಸಾಗಿಸುವ ಕೆಲಸ ಬಿಡುತ್ತವೆ. ಹಾಗೆ ಬಿಟ್ಟ ಪದರಗಳಲ್ಲಿ ಎಣ್ಣೆ, ರಾಳ ಸೇರಿಕೊಳ್ಳುತ್ತವೆ. ಆಗ ಅದು ಚೇಗಾಗುತ್ತದೆ. ದೇವದಾರುವಿನ ಹೆಚ್ಚುಗಾರಿಕೆ ಎಲ್ಲ ಈ ಎಣ್ಣೆಯಲ್ಲಿದೆ. ಗುಡಿ, ಸೇತುವೆ, ದೋಣಿ, ರೈಲು, ಔಷಧಿ, ಇವತ್ತು ಏನು ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ. ಬೇಜಾರಾದರೆ ಹೇಳಿ.

ಮೊದಲು ಮರದ ಗುರುತು. ಇದು ಪಶ್ಚಿಮ ಹಿಮಾಲಯದ ಮರ. ಅಫ್ಘಾನಿಸ್ತಾನದ ಪೂರ್ವ ಭಾಗದಿಂದ ಶುರುವಾಗಿ ಉತ್ತರ ಪಾಕಿಸ್ತಾನ, ಕಾಶ್ಮೀರ, ಹಿಮಾಚಲ, ಉತ್ತರಾಖಂಡ ದಾಟಿ ನೇಪಾಳದ ಪಶ್ಚಿಮ ಅಂಚಿನವರೆಗೆ ಇದೆ. ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್‌ನಿಂದ 3,200 ಮೀಟರ್ ಎತ್ತರದವರೆಗೆ ಬೆಳೆಯುತ್ತದೆ. ಪಾಕಿಸ್ತಾನದ ರಾಷ್ಟ್ರೀಯ ಮರ ಇದೇ, ಹಿಮಾಚಲದ ರಾಜ್ಯ ಮರವೂ ಇದೇ. ಸಾಮಾನ್ಯವಾಗಿ 40ರಿಂದ 50 ಮೀಟರ್ ಎತ್ತರ, ಅಪರೂಪಕ್ಕೆ 60 ಮೀಟರ್. ಅಂದರೆ ಹದಿನೈದು ಮಹಡಿ ಕಟ್ಟಡಕ್ಕೆ ಸಮ. ದೊಡ್ಡ ಮರದ ಬುಡ ಮೂರು ಮೀಟರ್ ಅಡ್ಡಗಲ ಇರುವುದೂ ಉಂಟು. ನಾಲ್ಕೈದು ಜನ ಕೈಕೈ ಹಿಡಿದುಕೊಂಡರೂ ತಬ್ಬಲು ಸಾಲುವುದಿಲ್ಲ.

ಆ ಕಾಡಿಗೆ ಮೊದಲ ಸಲ ಹೋದವರಿಗೆ ಎಲ್ಲ ಮರಗಳೂ ಒಂದೇ ಥರ ಕಾಣುತ್ತವೆ. ನನಗೂ ಹಾಗೇ ಆಗಿತ್ತು. ಉಪಾಯ ತುಂಬ ಸುಲಭ, ಸೂಜಿ ಎಲೆಗಳನ್ನು ಎಣಿಸಿ. ಒಂದು ಗೊಂಚಲಲ್ಲಿ ಮೂರು ಉದ್ದ ಸೂಜಿ ಇದ್ದರೆ ಚೀಡ್ ಪೈನ್. ಐದಿದ್ದರೆ ಕೈಲ್ ಅನ್ನುವ ನೀಲಿ ಪೈನ್. ಸೂಜಿಗಳು ಒಂಟೊಂಟಿಯಾಗಿ ರೆಂಬೆಗೆ ಅಂಟಿದ್ದರೆ ಫರ್ ಇಲ್ಲವೇ ಸ್ಪ್ರೂಸ್. ಗಿಡ್ಡ ಮೊಟಕು ರೆಂಬೆಯ ತುದಿಯಲ್ಲಿ ಇಪ್ಪತ್ತು ಮೂವತ್ತು ಸೂಜಿಗಳು ಕುಂಚದ ಹಾಗೆ ಅರಳಿದ್ದರೆ ಅದು ದೇವದಾರು. ಎಳೇ ಮರವಾದರೆ ಇನ್ನೂ ಸುಲಭ. ಅದರ ನೆತ್ತಿಯ ಚಿಗುರು ನಾಚಿಕೊಂಡ ಹಾಗೆ ಒಂದು ಕಡೆಗೆ ಬಾಗಿರುತ್ತದೆ. ವಯಸ್ಸಾದ ಮರದ ತಲೆ ಮಾತ್ರ ಚಪ್ಪಟೆ.

ಹೆಸರಿನ ಗೊಂದಲ ಒಂದಿದೆ. ಪಹಾಡಿ ಮಾತಿನಲ್ಲಿ ದೇವದಾರುವಿಗೆ ದಿಯಾರ್ ಅಂತಾರೆ, ಕೆಲವು ಕಡೆ ಕೇಲು ಅಂತಾರೆ. ಕೈಲ್ ಅಂದರೆ ನೀಲಿ ಪೈನ್, ಕೇಲು ಅಂದರೆ ದೇವದಾರು. ಸ್ವಲ್ಪ ಕಿವಿ ತಪ್ಪಿದರೂ ಮರವೇ ಬದಲಾಯಿತು. ಬೆಲೆಯಂತೂ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಈಗ ಇನ್ನೊಂದು ವಸ್ತು ಕಳಿಸುತ್ತೇನೆ. ಇದು ಬಡಗಿ ಕೆತ್ತಿದ ಗುಲಾಬಿ ಅಲ್ಲ. ಕೈಯಲ್ಲಿ ಹಿಡಿದು ನೋಡಿ, ಪಕಳೆಗಳ ಥರ ಒಂದರ ಮೇಲೊಂದು ಕೂತ ಕಂದು ಹಾಳೆಗಳು. ಇದು ದೇವದಾರು ಕಾಯಿಯ ತುದಿ. ಪೂರ್ತಿ ಕಾಯಿ ಸಣ್ಣ ಪೀಪಾಯಿಯ ಆಕಾರದ್ದು, ಹತ್ತು ಸೆಂಟಿಮೀಟರ್ ಆಸುಪಾಸು ಉದ್ದ, ರೆಂಬೆಯ ಮೇಲೆ ನೆಟ್ಟಗೆ ಕೂತಿರುತ್ತದೆ. ಪೈನ್ ಕಾಯಿ ಇಡಿಯಾಗಿ ನೆಲಕ್ಕೆ ಬೀಳುತ್ತದೆ, ಅಲ್ವಾ? ದೇವದಾರು ಕಾಯಿ ಹಾಗೆ ಬೀಳುವುದಿಲ್ಲ. ಮರದ ಮೇಲೇ ಹಾಳೆ ಹಾಳೆಯಾಗಿ ಉದುರುತ್ತದೆ. ರೆಕ್ಕೆ ಇರುವ ಬೀಜಗಳು ಗಾಳಿಗೆ ಹಾರುತ್ತವೆ. ಕೊನೆಗೆ ರೆಂಬೆಯ ಮೇಲೆ ಬರೀ ನಡುವಿನ ಕಡ್ಡಿ ನಿಂತಿರುತ್ತದೆ, ಜೋಳ ತಿಂದು ಬಿಟ್ಟ ತೆನೆಯ ಹಾಗೆ. ತುದಿಯ ಹಾಳೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಬೀಳುತ್ತವೆ. ನಿಮ್ಮ ಕೈಯಲ್ಲಿರುವ ಗುಲಾಬಿ ಅದೇ. ನಾನು ಮೊದಲ ಸಲ ಒಂದು ಇಡೀ ಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದೆ. ಮನೆಗೆ ಬಂದು ಬಿಚ್ಚಿದರೆ ಬಟ್ಟೆ ತುಂಬ ಹಾಳೆಗಳು, ಒಂದು ಕಡ್ಡಿ!

ಆ ಬೀಜದಲ್ಲೂ ನಮ್ಮ ಎಣ್ಣೆಯ ಕತೆಯೇ. ಬೀಜದ ಸಿಪ್ಪೆಯಲ್ಲಿ ರಾಳ ತುಂಬಿದ ಪುಟ್ಟ ಗುಳ್ಳೆಗಳಿರುತ್ತವೆ. ಉಗುರಿನಿಂದ ಒತ್ತಿದರೆ ಟರ್ಪೆಂಟೈನ್ ಘಾಟು ಬರುತ್ತದೆ. ಅಳಿಲು ಕಚ್ಚಿದರೆ ಬಾಯೆಲ್ಲ ಕಹಿ. ಮರ ತನ್ನ ಮಕ್ಕಳಿಗೂ ಅದೇ ರಕ್ಷೆ ಕಟ್ಟಿ ಕಳಿಸುತ್ತದೆ.

ಸರಿ, ಎಣ್ಣೆಗೆ ಬರೋಣ. ಚಕ್ಕೆಗಳನ್ನು, ಬುಡದ ಮೋಟುಗಳನ್ನು ಪುಡಿ ಮಾಡಿ ಹಬೆಯಲ್ಲಿ ಬಟ್ಟಿ ಇಳಿಸಿದರೆ ಹಳದಿ ಬಣ್ಣದ ಎಣ್ಣೆ ಬರುತ್ತದೆ. ಸಾಬೂನು, ಅತ್ತರು, ಊದುಬತ್ತಿಗೆ ಅದು ಹೋಗುತ್ತದೆ. ಅದರಲ್ಲಿ ಜಾಸ್ತಿ ಇರುವ ರಾಸಾಯನಿಕಗಳಿಗೆ ಹಿಮಾಚಲೀನ್ ಅಂತಲೇ ಹೆಸರು. ಒಂದು ಬೆಟ್ಟಸಾಲಿನ ಹೆಸರು ರಸಾಯನಶಾಸ್ತ್ರದ ಪುಸ್ತಕಕ್ಕೆ ಹತ್ತಿದ್ದು ಹೀಗೆ. ಹುಳಕ್ಕೂ ಬೂಸ್ಟಿಗೂ ಹಿಡಿಸದ ಎಣ್ಣೆ ಇದು.

ಬೆಟ್ಟದವರ ಹಳೇ ವಿಧಾನ ಬೇರೆ. ಚೇಗಿನ ಚಕ್ಕೆಗಳನ್ನು ಮಡಕೆಯಲ್ಲಿ ತುಂಬಿ, ಬಾಯಿ ಕೆಳಗೆ ಮಾಡಿ, ಕೆಳಗೆ ಇನ್ನೊಂದು ಪಾತ್ರೆ ಇಟ್ಟು, ಮೇಲಿನ ಮಡಕೆಯ ಸುತ್ತ ಬೆಂಕಿ ಹಾಕುತ್ತಿದ್ದರು. ಚಕ್ಕೆ ಒಳಗೊಳಗೇ ಸುಟ್ಟು ಕಪ್ಪಗಿನ ಡಾಂಬರಿನಂಥ ಎಣ್ಣೆ ಕೆಳಕ್ಕೆ ತೊಟ್ಟಿಕ್ಕುತ್ತಿತ್ತು. ಘಾಟು ಅಂದರೆ ಘಾಟು. ಇದನ್ನು ಕುದುರೆಯ ಕಜ್ಜಿಗೆ, ದನಗಳ ಗೊರಸಿನ ಹುಣ್ಣಿಗೆ ಹಚ್ಚುತ್ತಿದ್ದರು. ನನಗೆ ತುಂಬ ಇಷ್ಟವಾದ ಬಳಕೆ ಇನ್ನೊಂದಿದೆ. ಸಟ್ಲೆಜ್‌ನಂಥ ರಭಸದ ನದಿಗಳನ್ನು ದಾಟಲು ಎಮ್ಮೆ ಅಥವಾ ಎತ್ತಿನ ಇಡೀ ಚರ್ಮಕ್ಕೆ ಗಾಳಿ ಊದಿ, ಅದರ ಮೇಲೆ ಬೋರಲು ಮಲಗಿ ಈಜುತ್ತಿದ್ದರು. ಆ ಚರ್ಮಕ್ಕೂ ಇದೇ ಎಣ್ಣೆಯ ಲೇಪ. ಚರ್ಮದ ಈ ಸಂಗತಿ ನೆನಪಿಡಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ಔಷಧಿಯ ಬಗ್ಗೆ ಒಬ್ಬರು ಕೇಳಿದರು. ಹೌದು, ಆಯುರ್ವೇದದಲ್ಲಿ ದೇವದಾರು ಚೇಗಿನ ಚಕ್ಕೆಗೆ ದೊಡ್ಡ ಜಾಗ ಇದೆ. ಬಾಣಂತಿಯರಿಗೆ ಕೊಡುವ ದೇವದಾರ್ವಾದಿ ಕಷಾಯ ಕೇಳಿರುತ್ತೀರಿ. ನಾನು ವೈದ್ಯನಲ್ಲ, ಅಲ್ಲಿಗೆ ಬಿಡುತ್ತೇನೆ. ಒಂದು ಎಚ್ಚರ ಮಾತ್ರ ಹೇಳಬಹುದು. ದೇವದಾರು ಅನ್ನುವ ಹೆಸರನ್ನು ಬೇರೆ ಬೇರೆ ಮರಗಳಿಗೆ ಬಳಸುತ್ತಾರೆ. ಬಂಗಾಳದಲ್ಲಿ ದೇಬದಾರು ಅಂದರೆ ರಸ್ತೆ ಬದಿ ಸಾಲಾಗಿ ನೆಡುವ ಕಂಬದಂಥ ಅಶೋಕ. ದಕ್ಷಿಣದ ಒಣ ಕಾಡಿನ ಒಂದು ಕುಳ್ಳ ಮರಕ್ಕೂ ಇದೇ ಹೆಸರಿದೆ. ಹಾಗಾಗಿ ಹೆಸರು ನಂಬಿ ಕೊಳ್ಳಬೇಡಿ. ಮೂಗು ನಂಬಿ.

ಈಗ ಮನೆ ಕಟ್ಟುವ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕುಲು, ಶಿಮ್ಲಾ, ಕಿನ್ನೌರ್ ಕಡೆಯ ಹಳೇ ಮನೆಗಳಿಗೆ ಕಾಠ್-ಕುನಿ ಅಂತಾರೆ. ಕಾಠ್ ಅಂದರೆ ಮರ, ಕುನಿ ಅಂದರೆ ಮೂಲೆ. ಗೋಡೆಯನ್ನು ಹೀಗೆ ಕಟ್ಟುತ್ತಾರೆ: ಮೊದಲು ಎರಡು ದೇವದಾರು ತೊಲೆಗಳನ್ನು ಪಕ್ಕಪಕ್ಕ, ಮೊಳದಷ್ಟು ಅಂತರದಲ್ಲಿ ಮಲಗಿಸುತ್ತಾರೆ. ನಡುವಿನ ಸಂದಿಗೆ ಕಲ್ಲು ತುಂಬುತ್ತಾರೆ. ಅಲ್ಲಲ್ಲಿ ಎರಡೂ ತೊಲೆಗಳನ್ನು ಹಿಡಿದಿಡಲು ಅಡ್ಡ ಪಟ್ಟಿ. ಅದರ ಮೇಲೆ ಒಂದು ಸಾಲು ಬರೀ ಕಲ್ಲು. ಮತ್ತೆ ತೊಲೆ, ಮತ್ತೆ ಕಲ್ಲು. ಮೂಲೆಯಲ್ಲಿ ಈ ಗೋಡೆಯ ತೊಲೆ ಆ ಗೋಡೆಯ ತೊಲೆಯ ಮೇಲೆ ಕೂತು, ಎರಡನ್ನೂ ಸೇರಿಸಿ ಮರದ ಬೆಣೆ ಹೊಡೆಯುತ್ತಾರೆ. ಸಿಮೆಂಟೂ ಇಲ್ಲ, ಗಾರೆಯೂ ಇಲ್ಲ. ಕೆಳಗೆ ದನ, ಮೇಲೆ ಕಾಳು, ಅದರ ಮೇಲೆ ಜನ.

ಗಾರೆ ಇಲ್ಲದಿರುವುದೇ ಇದರ ಜಾಣತನ. ಭೂಮಿ ನಡುಗಿದಾಗ ಕಲ್ಲುಗಳು ಒಂದಕ್ಕೊಂದು ತಿಕ್ಕಿಕೊಂಡು ಅಲುಗಾಡುತ್ತವೆ. ತೊಲೆಗಳು ಅವನ್ನು ಚೆಲ್ಲಾಪಿಲ್ಲಿ ಆಗಲು ಬಿಡುವುದಿಲ್ಲ. ಗೋಡೆ ಒಡೆಯುವ ಬದಲು ಸುಮ್ನೆ ಅಲ್ಲಾಡಿ ನಿಲ್ಲುತ್ತದೆ. 1905ರ ಏಪ್ರಿಲ್ 4ರಂದು ಕಾಂಗ್ಡಾದಲ್ಲಿ ಭೂಕಂಪ ಆಗಿ ಸುಮಾರು 20,000 ಜನ ಸತ್ತರು. ಕುಲು ಕಣಿವೆಯ ನಗ್ಗರ್ ಕೋಟೆ ಇದೇ ಥರ ಕಲ್ಲು ಮರ ಹೆಣೆದು ಕಟ್ಟಿದ್ದು. ಅದು ಉಳಿಯಿತು. ಈಗಲೂ ಹೋಗಿ ನೋಡಬಹುದು, ಒಳಗೆ ಹೋಟೆಲ್ ಇದೆ.

ಇದನ್ನು ಬೇರೆ ಮರದಲ್ಲಿ ಕಟ್ಟಬಹುದಿತ್ತಲ್ಲ ಅಂತ ಕೇಳಬಹುದು. ಕಟ್ಟಬಹುದು, ಬಾಳಿಕೆ ಬರುವುದಿಲ್ಲ. ಯೋಚನೆ ಮಾಡಿ. ತೊಲೆ ಕಲ್ಲಿನ ನಡುವೆ ಹೂತಿರುತ್ತದೆ. ಮಳೆಗಾಲದ ತೇವ, ಚಳಿಗಾಲದ ಹಿಮ ಎಲ್ಲ ಅಲ್ಲೇ ಕೂರುತ್ತದೆ. ಹಾಳಾದ ತೊಲೆಯನ್ನು ನಡುವಿಂದ ಎಳೆದು ತೆಗೆಯುವುದು ಅಂದರೆ ಗೋಡೆ ಬಿಚ್ಚಿದ ಹಾಗೆಯೇ. ಕೊಳೆಯದ ಚೇಗೇ ಬೇಕು. ಅದಕ್ಕೇ ಅಲ್ಲಿನ ಮಿಸ್ತ್ರಿಗಳು ಬಿಳಿ ಭಾಗ ಕೆತ್ತಿ ಎಸೆದ ಮೇಲೇ ತೊಲೆಯನ್ನು ಅಳೆಯುವುದು. ನನ್ನ ಪೆಟ್ಟಿಗೆ ಮಾಡಿದವರು ಎಸೆಯಲಿಲ್ಲ, ಅಷ್ಟೇ.

ಎಷ್ಟು ವರ್ಷ ಬಾಳಿಕೆ ಬರುತ್ತದೆ? ಚಂಬಾದ ಭರ್ಮೌರ್‌ನಲ್ಲಿ ಲಕ್ಷಣಾ ದೇವಿ ಗುಡಿ ಇದೆ. ಅದರ ಕೆತ್ತನೆಯ ಮರದ ಬಾಗಿಲುವಾಡಕ್ಕೆ ಸುಮಾರು 1,300 ವರ್ಷ. ಮನಾಲಿಯ ಹಿಡಿಂಬಾ ಗುಡಿ 1553ರದ್ದು, ಸುತ್ತಲೂ ದೇವದಾರು ತೋಪು. ಶ್ರೀನಗರದ ಜಾಮಿಯಾ ಮಸೀದಿಯಲ್ಲಿ 370ಕ್ಕೂ ಹೆಚ್ಚು ದೇವದಾರು ಕಂಬಗಳಿವೆ. ಒಂದೊಂದೂ ಇಡೀ ಮರದ ಕಾಂಡ. ಒಳಗೆ ನಡೆದರೆ ಕಾಡಿನಲ್ಲಿ ನಡೆದ ಹಾಗೇ.

ಹಾಗಂತ ಈ ಮರಕ್ಕೆ ಸೋಲೇ ಇಲ್ಲ ಅನ್ನಬೇಡಿ. ಆ ಮಸೀದಿಗೆ 1479, 1620, 1674ರಲ್ಲಿ, ಮೂರು ಸಲ ಬೆಂಕಿ ಬಿತ್ತು. ಹುಳ ಓಡಿಸುವ ಎಣ್ಣೆ ಬೆಂಕಿಗೆ ತುಪ್ಪವೇ. ಕಾಠ್-ಕುನಿ ಊರುಗಳಲ್ಲಿ ಭೂಕಂಪಕ್ಕಿಂತ ಒಲೆಯ ಕಿಡಿಗೆ ಹೆದರುವುದು ಜಾಸ್ತಿ. ಒಂದು ಮನೆ ಹತ್ತಿಕೊಂಡರೆ ಇಡೀ ಸಾಲು ಹೋಗುತ್ತದೆ.

ಶ್ರೀನಗರದಲ್ಲಿ ಸೇತುವೆಗೆ ಕದಲ್ ಅಂತಾರೆ. ಝೇಲಂ ಮೇಲಿನ ಹಳೇ ಕದಲ್‌ಗಳ ಕಂಬಗಳನ್ನೂ ಕಾಠ್-ಕುನಿಯ ತಮ್ಮ ಅನ್ನಬಹುದು. ದೇವದಾರು ದಿಮ್ಮಿಗಳನ್ನು ಅಡ್ಡ, ಉದ್ದ, ಅಡ್ಡ, ಉದ್ದ ಜೋಡಿಸಿ, ನಡುವೆ ಕಲ್ಲು ತುಂಬಿ, ನದಿಯ ನಡುವೆ ನಿಲ್ಲಿಸುತ್ತಿದ್ದರು. ಸಂದಿಗಳ ಮೂಲಕ ನೀರು ಹಾದು ಹೋಗುತ್ತದೆ. ಪ್ರವಾಹದ ರಭಸ ಪೂರ್ತಿ ಕಂಬದ ಮೇಲೆ ಬೀಳುವುದಿಲ್ಲ. ದಾಲ್ ಸರೋವರದ ಹೌಸ್‌ಬೋಟ್‌ಗಳೂ ದೇವದಾರುವಿನವೇ. ವರ್ಷಪೂರ್ತಿ ನೀರಲ್ಲಿ ನೆನೆಯುವ ಹಲಗೆ ಅಂದರೆ ಸುಮ್ನೆ ಮಾತಲ್ಲ.

ಇನ್ನು ರೈಲಿನ ಕತೆ. ಇಲ್ಲಿ ಆ ಗಾಳಿ ಊದಿದ ಚರ್ಮ ಮತ್ತೆ ಬರುತ್ತದೆ.

1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ಆಮೇಲೆ ಹಳಿ ಹಾಕುವ ಭರಾಟೆ. ಹಳಿಯ ಅಡಿಗೆ ಸ್ಲೀಪರ್ ಬೇಕು. ಮಣ್ಣಲ್ಲಿ ಅರ್ಧ ಹೂತು, ಮಳೆಯಲ್ಲಿ ನೆನೆದು, ಗೆದ್ದಲಿಗೆ ಬಲಿಯಾಗದೆ ಭಾರ ಹೊರುವ ಮರ. ಔಷಧಿ ಹಾಕದೆ, ಇದ್ದ ಹಾಗೇ ಆ ಕೆಲಸಕ್ಕೆ ಒದಗಿದ್ದು ಭಾರತದಲ್ಲಿ ಮುಖ್ಯವಾಗಿ ಮೂರು ಮರ: ತೇಗ, ಸಾಲ್, ದೇವದಾರು. ಪಂಜಾಬ್, ದೆಹಲಿ ಕಡೆಯ ಹಳಿಗಳಿಗೆ ತೇಗದ ಕಾಡುಗಳು ತುಂಬ ದೂರ. ದೇವದಾರು ಕಾಡುಗಳೋ ರಸ್ತೆಯೇ ಇಲ್ಲದ ಬೆಟ್ಟದ ತುದಿಯಲ್ಲಿ.

ಆದರೆ ನದಿ ಇತ್ತಲ್ಲ. ಒಂದು ಘನ ಮೀಟರ್ ಒಣ ದೇವದಾರು ಸುಮಾರು 560 ಕಿಲೋ ತೂಗುತ್ತದೆ. ಅಷ್ಟೇ ನೀರು 1,000 ಕಿಲೋ. ಹಾಗಾಗಿ ಬೆಂಡಿನ ಹಾಗೆ ತೇಲುತ್ತದೆ. ಸಾಲ್ 800 ಕಿಲೋ ದಾಟುವ ಭಾರದ ಮರ, ಅದನ್ನು ತೇಲಿಸುವುದು ಕಷ್ಟ. ಗಟ್ಟಿ, ಹಗುರ, ಕೊಳೆಯುವುದಿಲ್ಲ. ಮೂರೂ ಗುಣ ಒಂದೇ ಮರದಲ್ಲಿ ಕೂಡಿ ಬಂದಿದ್ದೇ ಅದಕ್ಕೆ ಮುಳುವಾಯಿತು. ಚೆನಾಬ್, ರಾವಿ, ಬಿಯಾಸ್, ಸಟ್ಲೆಜ್, ಯಮುನಾ, ಭಾಗೀರಥಿ, ಎಲ್ಲ ನದಿಗಳೂ ಮರದ ದಾರಿಗಳಾದವು. ಬೆಟ್ಟದಲ್ಲಿ ಕಡಿದು, ಅಲ್ಲೇ ಕೊಯ್ದು, ಯಾರ ಮಾಲು ಅನ್ನುವ ಗುರುತನ್ನು ಸುತ್ತಿಗೆಯಿಂದ ಹೊಡೆದು ನೀರಿಗೆ ತಳ್ಳುತ್ತಿದ್ದರು. ಬಂಡೆಗೆ ಸಿಕ್ಕಿಕೊಂಡ ದಿಮ್ಮಿಗಳನ್ನು ಬಿಡಿಸಲು ಊದಿದ ಚರ್ಮದ ಮೇಲೆ ಮಲಗಿ ಜನ ನದಿಗಿಳಿಯುತ್ತಿದ್ದರು. ಮೈಗೆ ಆಸರೆಯಾದ ಚರ್ಮಕ್ಕೆ ದೇವದಾರು ಎಣ್ಣೆ, ಸುತ್ತ ತೇಲುವುದು ದೇವದಾರು ದಿಮ್ಮಿ. ಕೆಳಗೆ ಬಯಲಿನಲ್ಲಿ ಅಡ್ಡ ಕಟ್ಟಿ ಹಿಡಿದು, ಗುರುತು ನೋಡಿ ಬೇರೆ ಮಾಡುತ್ತಿದ್ದರು.

ಇದರಲ್ಲಿ ದುಡ್ಡು ಮಾಡಿದವರಲ್ಲಿ ಫ್ರೆಡ್ರಿಕ್ ವಿಲ್ಸನ್ ಅನ್ನುವ ಇಂಗ್ಲಿಷ್‌ನವನ ಹೆಸರು ಈಗಲೂ ಗಢವಾಲದಲ್ಲಿ ಓಡಾಡುತ್ತದೆ. ಟೆಹ್ರಿ ರಾಜನಿಂದ ಕಾಡು ಗುತ್ತಿಗೆ ಹಿಡಿದು, ಹರ್ಸಿಲ್‌ನಲ್ಲಿ ನೆಲೆ ಮಾಡಿಕೊಂಡು, ಭಾಗೀರಥಿಯಲ್ಲಿ ಮರ ಬಿಟ್ಟು ಶ್ರೀಮಂತನಾದ. ಜನ ಪಹಾಡಿ ವಿಲ್ಸನ್ ಅಂದರು, ಹರ್ಸಿಲ್‌ನ ರಾಜ ಅಂತಲೂ ಅಂದರು. ಅಲ್ಲಿ ಸೇಬು ತಂದು ನೆಟ್ಟವನೂ ಅವನೇ ಅಂತಾರೆ. ಅವನು ಕಟ್ಟಿಸಿದ ದೊಡ್ಡ ದೇವದಾರು ಬಂಗಲೆ ನೂರು ವರ್ಷಕ್ಕೂ ಜಾಸ್ತಿ ನಿಂತಿತ್ತು. ಕೊನೆಗೆ ಬೆಂಕಿಗೆ ಹೋಯಿತು. ಮತ್ತೆ ಅದೇ ಎಣ್ಣೆ.

ಕಡಿಯುವ ವೇಗ ನೋಡಿ ಸರ್ಕಾರಕ್ಕೇ ಗಾಬರಿಯಾಯಿತು. ಕಾಡಿನ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ, ಸ್ಲೀಪರ್ ಮುಗಿದು ಹೋದರೆ ಅನ್ನುವ ಭಯ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್‌ನನ್ನು ಮೊದಲ ಅರಣ್ಯ ಮಹಾ ನಿರೀಕ್ಷಕನಾಗಿ ನೇಮಿಸಿದರು. ಅದೇ ವರ್ಷ ಚಂಬಾ ರಾಜನ ಕಾಡುಗಳನ್ನು ಬ್ರಿಟಿಷರು 99 ವರ್ಷಕ್ಕೆ ಗುತ್ತಿಗೆ ಬರೆಸಿಕೊಂಡರು. ನಮ್ಮ ಅರಣ್ಯ ಇಲಾಖೆಯ ಹುಟ್ಟಿನಲ್ಲಿ ದೇವದಾರು ಸ್ಲೀಪರಿನ ಪಾಲು ದೊಡ್ಡದು. ಮುಂದೆ ಚೀಡ್ ಪೈನ್‌ಗೆ ಕ್ರಿಯೊಸೋಟ್ ಎಣ್ಣೆ ಕುಡಿಸಿ ಸ್ಲೀಪರ್ ಮಾಡುವುದನ್ನು ಕಲಿತರು. ದೇವದಾರು ಒಳಗೇ ಇಟ್ಟುಕೊಂಡಿದ್ದನ್ನು ಪೈನ್‌ಗೆ ಹೊರಗಿನಿಂದ ತುಂಬಿದರು, ಅಷ್ಟೇ. ಈಗಂತೂ ಸ್ಲೀಪರ್ ಎಲ್ಲ ಕಾಂಕ್ರೀಟು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ: ಇಷ್ಟು ದೊಡ್ಡ ಮರಕ್ಕೆ ಎಷ್ಟು ವಯಸ್ಸು ಅಂತ ಹೇಗೆ ಗೊತ್ತಾಗುತ್ತದೆ?

ಉಂಗುರ ಎಣಿಸಿ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವುದರಿಂದ ವರ್ಷಕ್ಕೊಂದು ಉಂಗುರ ಚೊಕ್ಕವಾಗಿ ಮೂಡುತ್ತದೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಮ್ಯೂಸಿಯಂನಲ್ಲಿ 700 ವರ್ಷ ದಾಟಿದ ದೇವದಾರುವಿನ ಅಡ್ಡಸೀಳು ಇಟ್ಟಿದ್ದಾರೆ. ಬದುಕಿರುವ ಮರ ಕಡಿಯಬೇಕಿಲ್ಲ. ಪೆನ್ಸಿಲ್ ದಪ್ಪದ ಟೊಳ್ಳು ಬೈರಿಗೆ ತಿರುಗಿಸಿ ಒಂದು ಕಡ್ಡಿ ತೆಗೆದರೆ ಸಾಕು. ಒಣ ಇಳಿಜಾರಿನ ಮರಗಳಲ್ಲಿ ಬರ ಬಿದ್ದ ವರ್ಷದ ಉಂಗುರ ಕೂದಲಿನಷ್ಟು ತೆಳು, ಮಳೆ ಹಿಮ ಚೆನ್ನಾಗಿ ಆದ ವರ್ಷದ್ದು ಅಗಲ. ಲಖನೌದ ಬೀರ್‌ಬಲ್ ಸಾಹ್ನಿ ಸಂಸ್ಥೆಯವರು ಇದನ್ನು ಓದಿಯೇ ಹಿಮಾಲಯದ ಹಳೇ ಮಳೆ, ಬರಗಳ ಲೆಕ್ಕ ಹಾಕಿದ್ದಾರೆ. ಮಳೆಮಾಪಕ ಬರುವ ಎಷ್ಟೋ ಮೊದಲಿನ ಲೆಕ್ಕ ಅದು. ಸತ್ತ ಮರದ ಚೇಗು ಕೊಳೆಯದೆ ಉಳಿದಿರುವುದರಿಂದ ಹಳೇ ಗುಡಿಗಳ ತೊಲೆಗಳನ್ನೂ ಈ ಲೆಕ್ಕಕ್ಕೆ ಜೋಡಿಸಬಹುದು.

ಇನ್ನೊಂದು ಪ್ರಶ್ನೆ: ಈಗಲೂ ಕಡಿಯುತ್ತಾರಾ?

ಮೊದಲಿನ ಹಾಗಿಲ್ಲ. ಆಗಿನ ಉತ್ತರ ಪ್ರದೇಶದ ಗುಡ್ಡಗಾಡಿನಲ್ಲಿ 1,000 ಮೀಟರ್ ಮೇಲೆ ಹಸಿ ಮರ ಕಡಿಯುವುದನ್ನು 1981ರಲ್ಲಿ 15 ವರ್ಷಕ್ಕೆ ನಿಲ್ಲಿಸಿದರು. ಚಿಪ್ಕೋ ಚಳವಳಿಯ ಒತ್ತಡ ಅದು. ಹಿಮಾಚಲದಲ್ಲೂ ಹಸಿ ಮರಕ್ಕೆ ಕಟ್ಟುನಿಟ್ಟಿದೆ. ಅಲ್ಲಿ ಹಳ್ಳಿಯವರು ಮನೆಗೆಂದು ಕಾಡಿನಿಂದ ಕಡಿಮೆ ಬೆಲೆಗೆ ಮರ ಪಡೆಯುವ ಹಳೇ ಹಕ್ಕಿಗೆ ಟೀಡಿ ಅಂತಾರೆ. ಅದೂ ಬಿಗಿಯಾಗಿದೆ. ಇದರಿಂದ ಒಂದು ವಿಚಿತ್ರ ಆಗಿದೆ. ಕಾಡು ಉಳಿಯಲಿ ಅಂತ ಮಾಡಿದ ಕಟ್ಟಳೆಯಿಂದ ಕಾಠ್-ಕುನಿ ಮನೆ ಕಟ್ಟುವುದು ಬಡವರಿಗಿರಲಿ, ಉಳ್ಳವರಿಗೂ ಕೈಗೆಟುಕದ ಹಾಗಾಯಿತು. ಭೂಕಂಪದ ನಾಡಿನಲ್ಲಿ ಕಡಿದಾದ ಇಳಿಜಾರಿನ ಮೇಲೆ ಐದು ಮಹಡಿ ಕಾಂಕ್ರೀಟ್ ಏಳುತ್ತಿದೆ. ಕಟ್ಟಳೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನಿಲ್ಲಿಸುವುದಷ್ಟೇ ಸಾಕು ಅಂದುಕೊಂಡಿದ್ದು ಸರಿಯಲ್ಲ ಅನಿಸುತ್ತದೆ. ದೇವದಾರು ತೊಲೆ ಬೇಕೆಂದರೆ ನೂರಿಪ್ಪತ್ತು, ನೂರೈವತ್ತು ವರ್ಷ ಕಾಯಬೇಕು. ಇವತ್ತಿನ ಸಸಿಗೆ ದನ ಬಾಯಿ ಹಾಕದ ಹಾಗೆ ಬೇಲಿ ಹಾಕುವವರು ಯಾರು ಅನ್ನುವುದರ ಮೇಲೆ ಅದು ನಿಂತಿದೆ.

ಕಾಠ್-ಕುನಿ ಪೂರ್ತಿ ನಿಂತಿಲ್ಲ. ಗುಡಿಗಳನ್ನು ಈಗಲೂ ಹಾಗೇ ಕಟ್ಟುತ್ತಾರೆ. ಕುಲು ಕಡೆ ದೇವರ ಹೆಸರಿಗೆ ಬಿಟ್ಟ ತೋಪುಗಳಿವೆ. ಅಲ್ಲಿಂದ ಒಂದು ಮರ ತೆಗೆಯಬೇಕಾದರೂ ಮೊದಲು ದೇವರನ್ನು ಕೇಳಬೇಕು. ದೇವರು ಮೈಮೇಲೆ ಬರುವ ಗೂರ್ ಅಪ್ಪಣೆ ಕೊಡಬೇಕು. ಹಾಗೆ ಉರುಳಿಸಿದ ಒಂದು ಮರದ ಹತ್ತಿರ ನಾನು ಒಂದು ಮಧ್ಯಾಹ್ನ ಕೂತಿದ್ದೆ. ವಯಸ್ಸಾದ ಮಿಸ್ತ್ರಿಯೊಬ್ಬರು ಬಾಚಿಯಿಂದ ಬಿಳಿ ಭಾಗ ಕೆತ್ತುತ್ತಿದ್ದರು. ಎರಡು ಬೆರಳಿನಷ್ಟು ಬಿಳಿ ಚಕ್ಕೆ ಹಾರಿ ಹಾರಿ ಬಿದ್ದು ಕೆಳಗೆ ಕಂದು ಬಣ್ಣ ಕಂಡಿತು. ಸುತ್ತ ಘಮ್ಮೆಂದಿತು. ನನ್ನ ಪೆಟ್ಟಿಗೆಗೆ ಹುಳ ಹಿಡಿದ ಕತೆ ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ. ಕೆಳಗೆ ಬಿದ್ದಿದ್ದ ಬಿಳಿ ಚಕ್ಕೆಗಳ ರಾಶಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ಇದರಲ್ಲಿ ಮಾಡಿದ್ದಾ?" ಎಂದು ಕೇಳಿದರು.